ಎಂಟು ಕಂಬದ ಮಿಸ್ತ್ರಿ

ಉದಗೀರದ ಆ ಆಫೀಸಿನ ಬಾಗಿಲು ತೆರೆದ ಕೂಡಲೇ ಎದುರಿನ ಗೋಡೆಯ ಮೇಲೆ ಒಂದು ಫೋಟೋ ಕಾಣುತ್ತದೆ. ಕೇಸರಿ ಫೇಟಾ ಸುತ್ತಿದ ಒಬ್ಬ ಮುದುಕ, ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಶಾಲು, ಕೈಯಲ್ಲಿ ತೆಂಗಿನಕಾಯಿ. ಕೆಳಗೆ ಮರಾಠಿಯಲ್ಲಿ, ಈ ವಾಡೆಯನ್ನು ಕಟ್ಟಿದ ಕೈಗಳಿಗೆ ನಮನ ಎಂದು ಬರೆಸಿದ್ದಾರೆ. ಅದನ್ನು ಇಳಿಸಿ ಎಂದು ಮೂರು ಸಲ ಹೇಳಿದೆ. ಇಳಿಸಿಲ್ಲ. ಆ ಫೇಟಾ ಮಿಸ್ತ್ರಿಯ ತಲೆಯ ಮೇಲೆ ನಾಲ್ಕು ನಿಮಿಷವೂ ನಿಲ್ಲಲಿಲ್ಲ. ಆಮೇಲೆ ಏನಾಯಿತು ಎಂಬುದರ ಫೋಟೋ ಯಾರೂ ತೆಗೆಯಲಿಲ್ಲ. ಬದುಕಿದ್ದಾಗ ಅವರ ಒಂದು ಮಾತನ್ನೂ ನಡೆಸದವರು ಈಗ ದಿನಾ ಊದುಬತ್ತಿ ಹಚ್ಚುತ್ತಾರೆ. ನೋಡಿದರೆ ಮೈ ಉರಿಯುತ್ತದೆ. ಅವರ ಮೇಲೆ ಎಷ್ಟು ಸಿಟ್ಟೋ ಅಷ್ಟೇ ನನ್ನ ಮೇಲೂ ಇದೆ, ಯಾಕೆಂದರೆ ಆ ಆಫೀಸಿನ ನಕ್ಷೆ ಬರೆದವನು ನಾನು.

ನಾನು ತುರೋರಿಯವನು. ಸೋಲಾಪುರದಲ್ಲಿ ಒಳಾಂಗಣ ವಿನ್ಯಾಸ ಕಲಿತು ಉದಗೀರದಲ್ಲಿ ಕೆಲಸ ಹಿಡಿದವನು. ಮಿಸ್ತ್ರಿ ನಿಲಂಗಾದವರು, ಅಜ್ಜನ ಕಾಲದಿಂದ ಮರಗೆಲಸದ ಮನೆತನ. ಅವರು ಮೊದಲು ಸಿಕ್ಕಿದ್ದು ಉಮರ್ಗಾದ ಒಂದು ಪ್ಲೈವುಡ್ ಅಂಗಡಿಯಲ್ಲಿ. ನಾನು ಹೊಟ್ಟು ಒತ್ತಿ ಮಾಡಿದ ಹಲಗೆಗಳನ್ನು ಟೆಂಪೋಗೆ ಏರಿಸುತ್ತಿದ್ದೆ. ಗುರುತಿಲ್ಲ, ಪರಿಚಯವಿಲ್ಲ, ಪಕ್ಕದಲ್ಲಿ ನಿಂತಿದ್ದ ಈ ಮನುಷ್ಯ ಒಂದು ಹಲಗೆಯ ಅಂಚನ್ನು ಉಗುರಿನಿಂದ ಕೆರೆದು ಮೂಸಿ ನೋಡಿದರು.

"ಇದು ಕಟ್ಟಿಗಿ ಅಲ್ಲ ತಮ್ಮಾ, ಕಟ್ಟಿಗೀದು ಉಪ್ಪಿಟ್ಟು. ಯಾರಿಗಿ ತಿನಸ್ಲಾಕ ಒಯ್ಲತ್ತಿ?"

ಒಂದು ದಂತವೈದ್ಯರ ಕ್ಲಿನಿಕ್ಕಿಗೆ ಎಂದೆ. "ಹಲ್ಲ ಕೀಳೋನಿಗಿ ಇದೇ ಬರೋಬರಿ, ಎಲ್ಲಾ ಸಡ್ಲ" ಎಂದು ನಕ್ಕು, ನನ್ನ ನಂಬರು ಬರೆದುಕೊಂಡರು. ಮಾರನೆಯ ದಿನ ಕ್ಲಿನಿಕ್ಕಿಗೆ ಬಂದು, ಕರೆಯದೆಯೇ, ನನ್ನ ನಕ್ಷೆಯಲ್ಲಿ ಏಳು ತಪ್ಪು ತೋರಿಸಿದರು. ಏಳರಲ್ಲಿ ಆರು ನಿಜವಾದ ತಪ್ಪುಗಳೇ ಆಗಿದ್ದವು. ಅಂದಿನಿಂದ ನಾನು ಅವರನ್ನು ಕಾಕಾ ಎನ್ನತೊಡಗಿದೆ. ಅವರು ಖುಷಿಯಲ್ಲಿದ್ದರೆ ನನ್ನನ್ನು ತಮ್ಮಾ ಎನ್ನುತ್ತಿದ್ದರು, ಸಿಟ್ಟು ಬಂದರೆ ಇಂಜಿನೇರ ಸಾಹೇಬ್ರ ಎನ್ನುತ್ತಿದ್ದರು. ವಾರದಲ್ಲಿ ನಾಲ್ಕು ದಿನ ನಾನು ಸಾಹೇಬನೇ.

ಅವರ ಸಿಟ್ಟು ದೊಡ್ಡದು. ಗುರುತು ಹಾಕುವಾಗ ಯಾರಾದರೂ ಮಾತಾಡಿಸಿದರೆ ಹಾಕಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡುತ್ತಿದ್ದರು, ಮಾತಾಡಿಸಿದವನು ನಾಚಿಕೊಂಡು ಓಡಲಿ ಎಂದು. ಟೇಪು ಮುಟ್ಟುತ್ತಿರಲಿಲ್ಲ. ಗೇಣು, ಬೆರಳು, ಮೊಳ, ಇಷ್ಟೇ. ಯಾರಿಗಾದರೂ ಕೂಡುವ ವಸ್ತು ಮಾಡಬೇಕಾದರೆ ನೆಲದ ಮೇಲೆ ಕಟ್ಟಿಗೆಯ ಹೊಟ್ಟು ಹರಡಿ ಅದರ ಮೇಲೆ ಅವರನ್ನು ಕೂಡಿಸುತ್ತಿದ್ದರು. ಅರ್ಧ ತಾಸು ಏನಾದರೂ ಹರಟೆ ಹೊಡೆದು, ಎಬ್ಬಿಸಿ, ಹೊಟ್ಟಿನಲ್ಲಿ ಮೂಡಿದ ಗುರುತನ್ನು ನೋಡುತ್ತಿದ್ದರು. ಯಾವ ಕಡೆ ಭಾರ ಹಾಕುತ್ತಾರೆ, ಯಾವ ಕಾಲು ಮಡಚುತ್ತಾರೆ, ಎಲ್ಲ ಅದರಲ್ಲಿ ಅವರಿಗೆ ಓದಲು ಬರುತ್ತಿತ್ತು. ನಿಲಂಗಾದ ಒಬ್ಬ ದೊಡ್ಡ ವಕೀಲರನ್ನು ಬಿಳಿ ಪ್ಯಾಂಟಿನಲ್ಲೇ ಹೊಟ್ಟಿನ ಮೇಲೆ ಕೂಡಿಸಿದ್ದು ನಾನೇ ನೋಡಿದ್ದೇನೆ. ವಕೀಲರು ಗೊಣಗಿದಾಗ, "ಕುಂಡಿ ನಿಮ್ದು, ಕುರ್ಚಿ ನಿಮ್ದು, ನಂದೇನ್ ಹೋಗ್ತದ? ಬ್ಯಾಡಂದ್ರ ಬಜಾರದಾಗ ತಗೊಳ್ರಿ" ಎಂದಿದ್ದರು. ವಕೀಲರು ಕೂತರು.

ಹಳೆಯ ವಾಡೆಗಳನ್ನು ಇಳಿಸುವುದು ಅವರ ಇನ್ನೊಂದು ಕೆಲಸ. ನಮ್ಮ ಕಡೆ ಆ ಕಟ್ಟಿಗೆಯ ಮನೆಗಳಲ್ಲಿ ಮೊಳೆ ಇಲ್ಲ, ಬರೀ ಬೆಣೆ. ಅದಕ್ಕೇ ಅವರು ವಾಡೆ ಒಡೆಯುವುದು ಎಂದರೆ ಕೆರಳುತ್ತಿದ್ದರು. "ಒಡೀಲಾಕ ಅದೇನ್ ಗಡಿಗಿ? ಬಿಚ್ಚೂದು ಅನ್ನು. ಅಂಗಿ ಬಿಚ್ಚಿದಂಗ." ಬಿಚ್ಚುವ ದಿನ ಬೆಳಿಗ್ಗೆ ಆ ಮನೆಯವರೆಲ್ಲ ಪಡಸಾಲೆಗೆ ಬಂದು ತಂತಮ್ಮ ಜಾಗದಲ್ಲಿ ಕೂತು ಒಂದು ಬಾರಿ ಚಹಾ ಕುಡಿಯಬೇಕು. ಅದಾಗದೆ ಉಳಿ ಮುಟ್ಟುತ್ತಿರಲಿಲ್ಲ. ನಿಲಂಗಾದ ಅಂಥ ಒಂದು ಮನೆಗೆ ನನ್ನನ್ನೂ ಕರೆದೊಯ್ದಿದ್ದರು. ಹದಿನಾಲ್ಕು ಜನ ಬಂದರು, ಒಬ್ಬರೂ ಗೊಂದಲ ಮಾಡಿಕೊಳ್ಳಲಿಲ್ಲ. ಮುದುಕಿ ಎರಡನೆಯ ಕಂಬಕ್ಕೆ ಬೆನ್ನು ಕೊಟ್ಟರು, ಹಿರಿಯ ಮಗ ಬಾಗಿಲ ಕಡೆ ಮುಖ ಮಾಡಿದ, ಸೊಸೆಯಂದಿರು ಗಾಳಿ ಬರುವ ಮೂಲೆ ಹಿಡಿದರು. ಮಿಸ್ತ್ರಿ ನನ್ನ ಕಿವಿಯಲ್ಲಿ ಹೇಳಿದರು: "ನೋಡ್ಕೋ. ಇದೇ ಪಡಸಾಲ್ಯಾಗ ಮುಂಜಾನಿ ಕಾಳ ಹಸನ ಮಾಡ್ತಾರ, ಮಧ್ಯಾಹ್ನ ಬೀಗರ ಕೂಡ್ತಾರ, ರಾತ್ರಿ ಮಕ್ಕಳ ಮಲಗ್ತಾವ. ಪಡಸಾಲಿ ಎಲ್ಲಾರ್ದು. ಜಾಗಾ ಮಾತ್ರ ಒಬ್ಬಬ್ಬರ್ದು."

ಆ ಮನೆಯ ಎಂಟು ಸಾಗವಾನಿ ಕಂಬಗಳೇ ಈ ಕತೆಯ ಕಂಬಗಳು. ಉದಗೀರದಲ್ಲಿ ಆಗ ಒಂದು ಹೊಸ ಆಫೀಸು ಬರುತ್ತಿತ್ತು, ನಕ್ಷೆ ನನ್ನದು, ಮರಗೆಲಸ ಮಿಸ್ತ್ರಿಯದು. ಬೆಳೆವಿಮೆ, ಮಳೆ, ಬೀಜ ಎಂದು ರೈತರು ಫೋನು ಮಾಡಿದರೆ ಮರಾಠಿಯಲ್ಲೂ ಕನ್ನಡದಲ್ಲೂ ಉತ್ತರ ಹೇಳುವ ಕೆಲಸ. ನಲವತ್ತು ಜನ, ಇಪ್ಪತ್ತೈದು ಜಾಗ. ಕೆಲವು ದಿನ ಆಫೀಸು, ಕೆಲವು ದಿನ ಮನೆ. ಯಾರಿಗೂ ಕಾಯಂ ಕುರ್ಚಿ ಇಲ್ಲ, ಬಂದವರು ಖಾಲಿ ಇದ್ದಲ್ಲಿ ಕೂಡಬೇಕು. ಪುಣೆಯಿಂದ ಬಂದ ಸಾಹೇಬರಿಗೆ ಆಫೀಸು ವಾಡೆಯಂತೆ ಕಾಣಬೇಕಿತ್ತು. ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ 'ಕುಠೇಹೀ ಬಸಾ' ಎಂದು ಬರೆಸುವುದಂತೂ ಮೊದಲ ದಿನವೇ ಗೊತ್ತಾಗಿತ್ತು. ಎಲ್ಲಿ ಬೇಕಾದರೂ ಕೂತುಕೊಳ್ಳಿ, ಎಂದು. ಹೇಗೆ ಕೂಡುವುದು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ, ನಾನೂ.

ಯೋಚಿಸಿದವರು ಮಿಸ್ತ್ರಿ. ಆ ಎಂಟು ಕಂಬಗಳನ್ನು ಆಫೀಸಿನ ದೊಡ್ಡ ಹಾಲಿನ ನಡುವೆ ಎರಡು ಸಾಲಾಗಿ, ಕೆಳಗೆ ಅವುಗಳದೇ ಕಲ್ಲು ಕೊಟ್ಟು ನಿಲ್ಲಿಸಿದರು. ಒಂದೊಂದು ಕಂಬಕ್ಕೂ ಮೂರು ಎತ್ತರದಲ್ಲಿ ಕಚ್ಚು ಹೊಡೆದರು. ಎರಡು ಕಂಬದ ನಡುವೆ ಹಲಗೆ ಸರಿಸಿ ಬೆಣೆ ಬಡಿದರೆ ಮೇಜು. ಕೆಳಗಿನ ಕಚ್ಚಿಗೆ ಇಟ್ಟರೆ ನೆಲದ ಮೇಲೆ ಗಾದಿ ಹಾಕಿ ಕೂತವರಿಗೆ, ನಡುವಿನದಕ್ಕೆ ಇಟ್ಟರೆ ಕುರ್ಚಿಯವರಿಗೆ, ಮೇಲಿನದಕ್ಕೆ ಇಟ್ಟರೆ ನಿಂತು ಕೆಲಸ ಮಾಡುವವರಿಗೆ. ಎತ್ತಲು, ಇಳಿಸಲು ಎರಡು ನಿಮಿಷ. ಮೋಟಾರಿಲ್ಲ, ಸ್ಕ್ರೂ ಇಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತ ನಾನು ಬಾಯಿ ತೆರೆದು ನಿಂತಿದ್ದೆ. "ಬಾಯಿ ಮುಚ್ಚು, ಹೊಟ್ಟು ಹೋಗ್ತದ" ಎಂದರು.

ಹಲಗೆಗಳ ಎತ್ತರ ಗೊತ್ತುಮಾಡಲು ನಲವತ್ತು ಜನರನ್ನೂ ಹೊಟ್ಟಿನ ಮೇಲೆ ಕೂಡಿಸಿದರು. ಅವರಲ್ಲಿ ಮಹಾದೇವಿ ಒಬ್ಬಳು. ಶಿರೂರ ಅನಂತಪಾಳದ ಹೆಣ್ಣುಮಗಳು, ಪೋಲಿಯೋದಿಂದ ಒಂದು ಕಾಲು ಮಡಚಲು ಬಾರದು, ಕಬ್ಬಿಣದ ಪಟ್ಟಿ ಕಟ್ಟಿಕೊಂಡೇ ಎಸ್ಟಿ ಬಸ್ಸು ಹತ್ತಿ ಬರುತ್ತಿದ್ದಳು. ಅವಳಷ್ಟು ಚೆನ್ನಾಗಿ ಫೋನಿನಲ್ಲಿ ಮಾತಾಡುವವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಬೈಯುತ್ತ ಫೋನು ಮಾಡಿದವರು ಕೊನೆಗೆ "ಊಟ ಆಯ್ತೇನವಾ ನಿಂದು" ಎಂದು ಕೇಳಿ ಇಡುತ್ತಿದ್ದರು. ಅವಳನ್ನು ಕೂಡಿಸಿದ ದಿನ ಮಿಸ್ತ್ರಿ ಅರ್ಧ ತಾಸಲ್ಲ, ಎರಡು ತಾಸು ತೆಗೆದುಕೊಂಡರು. ಕಾಲು ಚಾಚಿ ಕೂತರೆ ಮೊಣಕಾಲಿಗೆ ಹಲಗೆ ತಾಗಬಾರದು, ಬೆನ್ನಿಗೆ ಕಂಬ ಸಿಗಬೇಕು, ಏಳುವಾಗ ಹಿಡಿಯಲು ಕೈಗೆ ಏನಾದರೂ ಬೇಕು. ಬಾಗಿಲ ಹತ್ತಿರದ ಜೋಡಿ ಕಂಬದಲ್ಲಿ ಅವಳಿಗಾಗಿ ಬೇರೆಯೇ ಒಂದು ಕಚ್ಚು ಹೊಡೆದರು.

"ಇದು ನಿಂದು ನೋಡವಾ. ಬ್ಯಾರೆ ಯಾರರ ಕೂತ್ರ ಎಬಸು, ಮಿಸ್ತ್ರಿ ಹೇಳ್ಯಾನ ಅನ್ನು."

"ಇಲ್ಲಿ ಯಾರ್ದೂ ಜಾಗಾ ಇಲ್ಲ ಅಂತಾರಲ್ರೀ ಕಾಕಾ?"

"ಅನ್ಲಿ. ಅವರ ಬಾಯಿ ಪುಣೇದು, ಈ ಖಾಂಬ ನಿಲಂಗಾದು."

ಮಹಾದೇವಿ ಅಂದು ಸಂಜೆ ಕೊನೆಯ ಬಸ್ಸಿನವರೆಗೂ ಆ ಹಲಗೆ ಬಿಟ್ಟು ಏಳಲಿಲ್ಲ.

ಈಗ ನನ್ನ ಪಾಲಿನ ಮಾತು. ಮಿಸ್ತ್ರಿ ತಂಗಿಯ ಮಗಳ ಮದುವೆಗೆಂದು ಬಸವಕಲ್ಯಾಣಕ್ಕೆ ಹೋದರು, ಆರು ದಿನ. ಎರಡನೆಯ ದಿನ ಸಾಹೇಬರು ಬಂದರು. ಹಾಲಿನ ನಡುವೆ ಕಂಬ ಯಾಕೆ? ಫೋಟೋದಲ್ಲಿ ಹಾಲು ಚಿಕ್ಕದಾಗಿ ಕಾಣುತ್ತದೆ. ನೆಲದ ಮೇಲೆ ಕೂತು ಕೆಲಸ ಮಾಡುವ ಆಫೀಸನ್ನು ದೊಡ್ಡವರು ನೋಡಿದರೆ ಏನೆಂದಾರು? ಕಂಬಗಳನ್ನು ಉದ್ದಕ್ಕೆ ಸೀಳಿ ಅರ್ಧರ್ಧ ಗೋಡೆಗೆ ಅಂಟಿಸಿದರೆ ವಾಡೆಯ ಕಳೆ ಹಾಗೇ ಉಳಿಯುತ್ತದೆ, ನಡುವಿನ ಜಾಗಕ್ಕೆ ಪುಣೆಯಿಂದ ಎತ್ತರದ ಮೇಜು ತರಿಸಬಹುದು. ಎಂಟು ಕಂಬ ಹದಿನಾರಾಗುತ್ತವೆ ಎಂದು ಸಾಹೇಬರು ನಕ್ಕರು.

ನಾನು ಬೇಡ ಎಂದೆ. ಒಂದೇ ಸಲ ಎಂದೆ. ಮುಂದಿನ ಕೆಲಸ ಲಾತೂರಿನದೂ ನಿಮಗೇ ಎಂದು ಅವರು ಮೂಗಿಗೆ ತುಪ್ಪ ಸವರಿದರು, ನಾನು ಬಾಯಿ ಮುಚ್ಚಿದೆ. ಹೊಸ ನಕ್ಷೆ ಬರೆದವನು ನಾನೇ. ಕಂಬಗಳ ಜೊತೆ ಸಾ ಮಿಲ್ಲಿಗೆ ಹೋದವನೂ ನಾನೇ. ಮಿಲ್ಲಿನವನೇ ಒಮ್ಮೆ ತಡೆದು, "ಖರೇನೇ ಕೊರೀಲಾ ಸಾಹೇಬ? ಇದು ನೂರು ವರ್ಷದ ಮಾಲು" ಎಂದ. ಕೊರಿ ಎಂದೆ. ಬೇರೆಯವರು ಮಾಡಿಸಿದರು ಎಂದು ಹೇಳಿಕೊಂಡು ತಿರುಗಲು ನನಗೆ ದಾರಿಯೇ ಇಲ್ಲ. ಕಚ್ಚುಗಳೆಲ್ಲ ನಡುವೆ ಸೀಳಿ ಹೋದವು. ಗೋಡೆಗೆ ಅಂಟಿಸಿದಾಗ ಅವುಗಳಿಗೆ ಲಪ್ಪ ಮೆತ್ತಿ, ಸಂದು ಮುಚ್ಚಿ, ಪಾಲಿಶು ಹೊಡೆಸಿದ್ದಾಯಿತು. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆಗೆ ಸಂಬಳ ತೆಗೆದುಕೊಂಡು ನಕ್ಷೆ ಬರೆದವನು ನಾನೊಬ್ಬನೇ ಇರಬೇಕು.

ಮಿಸ್ತ್ರಿ ಬಸವಕಲ್ಯಾಣದಿಂದ ಮರಳಿದ ಮಾರನೆಯ ದಿನವೇ ಉದ್ಘಾಟನೆ, ಅವರನ್ನು ಸತ್ಕಾರಕ್ಕೆ ಕರೆಸಿದರು. ನಾನು ಅವರಿಗೆ ಮೊದಲೇ ತಿಳಿಸಬೇಕಿತ್ತು. ತಿಳಿಸುವ ಧೈರ್ಯ ಆಗಲಿಲ್ಲ. ಅವರು ಒಳಗೆ ಬಂದಾಗ ಹೂವು, ಬಲೂನು, ಜನ. ಏನೂ ಸರಿಯಾಗಿ ಕಾಣುವ ಮೊದಲೇ ಕೈ ಹಿಡಿದು ವೇದಿಕೆ ಹತ್ತಿಸಿ, ಫೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಫೋಟೋ ತೆಗೆದರು. ಆಮೇಲೆ ಅವರು ತಲೆ ಎತ್ತಿ ನೋಡಿದರು. ಗೋಡೆ ನೋಡಿದರು. ಹಾಲಿನ ನಡುವೆ ನೋಡಿದರು. ಎದೆಯೆತ್ತರದ ಮೇಜುಗಳು, ಅವುಗಳ ಮುಂದೆ ಹತ್ತಿ ಕೂಡುವ ಉದ್ದ ಕಾಲಿನ ಸ್ಟೂಲುಗಳು. ಹಿಂದಿನ ಸಾಲಿನಲ್ಲಿ ಮಹಾದೇವಿ ಗೋಡೆಗೆ ಒರಗಿ ನಿಂತಿದ್ದಳು.

ಮೈಕು ಬೇಕಿರಲಿಲ್ಲ ಅವರಿಗೆ. "ಆ ಹುಡಿಗಿ ಎಲ್ಲಿ ಕೂಡ್ತಾಳ?"

ಸಾಹೇಬರಿಗೆ ಕನ್ನಡ ಬಾರದು. ಯಾರೋ ಹೇಳಿದರು. ಅವರು ನಗುತ್ತಲೇ ಗೋಡೆಯ ಅಕ್ಷರ ತೋರಿಸಿದರು: "ಕುಠೇಹೀ ಬಸಾ!" ಜನ ಚಪ್ಪಾಳೆ ತಟ್ಟಿದರು.

ಮಿಸ್ತ್ರಿ ನನ್ನ ಕಡೆ ತಿರುಗಿದರು. "ಇಂಜಿನೇರ ಸಾಹೇಬ್ರ, ನೀವ್ ಹೇಳ್ರಿ. ಆಕಿ ಎಲ್ಲಿ ಕೂಡ್ತಾಳ?"

ನಾನೂ ಅದೇ ವೇದಿಕೆಯ ಮೇಲೆ, ಅಂಥದೇ ಫೇಟಾ ಸುತ್ತಿಕೊಂಡು ನಿಂತಿದ್ದೆ. ಅದನ್ನೇ ಸರಿಮಾಡಿಕೊಂಡೆ. ಅವರು ತಮ್ಮ ಫೇಟಾ ಬಿಚ್ಚಿ, ಶಾಲಿನ ಜೊತೆ ಮಡಚಿ, ತೆಂಗಿನಕಾಯಿಯನ್ನು ಅದರ ಮೇಲೆ ಇಟ್ಟು ಕುರ್ಚಿಯ ಮೇಲೆ ಬಿಟ್ಟು ಇಳಿದು ಹೋದರು.

ಮಹಾದೇವಿ ಒಂದು ವಾರ ಸೋಫಾದ ಮೇಲೆ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಿದಳು. ಬೆನ್ನು ಹಿಡಿಯಿತು. ನಿಮಗೆ ಮನೆಯಿಂದಲೇ ಮಾಡುವ ಅನುಕೂಲ ಕೊಟ್ಟಿದ್ದೇವೆ ಎಂದು ಕಳಿಸಿಬಿಟ್ಟರು. ಉಳಿದವರಿಗೆ ವಾರಕ್ಕೆ ಎರಡು ದಿನ ಮನೆ, ಅವಳಿಗೆ ಐದು ದಿನವೂ ಮನೆ. ಇದಕ್ಕೆ ಅನುಕೂಲ ಎನ್ನುವವರ ನಾಲಿಗೆ ಯಾವ ಮರದ್ದೋ ನನಗೆ ಗೊತ್ತಿಲ್ಲ.

ಹತ್ತು ಹನ್ನೆರಡು ದಿನ ಬಿಟ್ಟು, ಒಂದು ಸೋಮವಾರ ಬೆಳಿಗ್ಗೆ ಮಿಸ್ತ್ರಿ ಉಳಿ, ಸುತ್ತಿಗೆಯ ಹತ್ಯಾರಿನ ಚೀಲ ಹಿಡಿದು ಆಫೀಸಿಗೆ ಬಂದರು. ಸಾಹೇಬರ ಗಾಜಿನ ಕೋಣೆಯ ಮುಂದೆ, ಸರಿಯಾಗಿ ಓಡಾಡುವ ದಾರಿಯಲ್ಲಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಏಳಿ ಎಂದ ಕಾವಲುಗಾರನಿಗೆ ಗೋಡೆಯ ಅಕ್ಷರ ತೋರಿಸಿದರು. "ಎಲ್ಲಿ ಬೇಕಾದ್ರೂ ಕೂಡು ಅಂತ ಬರ್ದಾರ. ನಾ ಇಲ್ಲಿ ಕೂಡ್ತೀನಿ. ಆಕೀಗಿ ಜಾಗಾ ಆದ ದಿನ ಏಳ್ತೀನಿ." ಮಧ್ಯಾಹ್ನ ಅಲ್ಲೇ ರೊಟ್ಟಿ ಬಿಚ್ಚಿದರು. ಸಂಜೆ ಹೋದರು, ಮಂಗಳವಾರ ಮತ್ತೆ ಬಂದರು. ಬುಧವಾರಕ್ಕೆ ಸ್ಟೂಲುಗಳಿಂದ ಇಳಿದು ಐದಾರು ಹುಡುಗಿಯರು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು ಫೋನು ಎತ್ತತೊಡಗಿದ್ದರು. ಸಾಹೇಬರು ನನಗೆ ಫೋನು ಮಾಡಿದರು: ನಿಮ್ಮ ಮನುಷ್ಯನನ್ನು ಕರಕೊಂಡು ಹೋಗಿ, ಇಲ್ಲದಿದ್ದರೆ ಪೊಲೀಸರನ್ನು ಕರೆಯುತ್ತೇನೆ.

ನಾನು ಹೋದೆ. ಅವರ ಮುಂದೆ ಮೊಣಕಾಲೂರಿದೆ. "ಏಳ್ರಿ ಕಾಕಾ. ಸಾಹೇಬ್ರು ಒಪ್ಪ್ಯಾರ. ಮಹಾದೇವಿಗಿ ಜಾಗಾ ಮಾಡಿ ಕೊಡ್ತೀವಿ."

"ಖರೇನ?"

"ಖರೇ."

"ನೀ ಹೇಳ್ಲತ್ತಿ ಅಂದ್ರ ಏಳ್ತೀನಿ ತಮ್ಮಾ" ಎಂದು ಕೈ ಚಾಚಿದರು. ಎಷ್ಟೋ ದಿನಗಳ ಮೇಲೆ ತಮ್ಮಾ ಎಂದಿದ್ದರು. ನಾನು ಆ ಕೈ ಹಿಡಿದು ಎಬ್ಬಿಸಿದೆ. ಸಾಹೇಬರು ಏನೂ ಒಪ್ಪಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಪೊಲೀಸರ ಕೈಯಿಂದ ಮುದುಕನನ್ನು ಉಳಿಸಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಉಳಿಸಿಕೊಂಡದ್ದು ಲಾತೂರಿನ ಕೆಲಸ.

ಆಮೇಲೆ ಅವರು ಮೂರು ಸಲ ಫೋನು ಮಾಡಿದರು. ಎತ್ತಲಿಲ್ಲ. ಏನು ಹೇಳಲಿ? ಒಂದೂವರೆ ತಿಂಗಳಾದ ಮೇಲೆ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಅವರ ಆ ಫೇಟಾದ ಫೋಟೋ ಬಂತು, ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಎದೆನೋವು, ಆಸ್ಪತ್ರೆ ಮುಟ್ಟುವ ಮೊದಲೇ ಹೋದರಂತೆ. ನಿಲಂಗಾದ ಮನೆಗೆ ಹೋದಾಗ ಅವರ ಹೆಂಡತಿ ನನಗೆ ನೀರು ಕೊಟ್ಟು, ಒಂದೇ ಮಾತು ಹೇಳಿದರು: "ಶಿರೂರಿನ ಆ ಹುಡಿಗಿ ಮನಿಗಿ ಒಮ್ಮಿ ಹೋಗಿ ಬಾರಪಾ. ಕಡೀ ತನಕ ಆಕೀದೇ ಹೇಳ್ತಿದ್ರು."

ಇಂದು ಬೆಳಿಗ್ಗೆ ಹೋಗಿದ್ದೆ. ಒಂದು ಕೋಣೆಯ ಮನೆ, ಅಣ್ಣನ ಮೂರು ಮಕ್ಕಳು, ಕುಕ್ಕರಿನ ಸೀಟಿ. ಮಹಾದೇವಿ ಬಾಗಿಲಲ್ಲಿ ಕಾಲು ಚಾಚಿ ಕೂತು, ಸಿಗ್ನಲ್ಲಿಗಾಗಿ ಫೋನನ್ನು ಹೊರಗೆ ಹಿಡಿದು, ಯಾರಿಗೋ ಸೋಯಾಬೀನಿನ ವಿಮೆಯ ಬಗ್ಗೆ ಹೇಳುತ್ತಿದ್ದಳು. ಅರ್ಧಕ್ಕೇ ಕಡಿಯಿತು. ಹೀಗೆ ಕಡಿದದ್ದೆಲ್ಲ ಅವಳ ತಪ್ಪೆಂದು ಬರೆದುಕೊಳ್ಳುತ್ತಾರಂತೆ, ಈ ತಿಂಗಳು ಎಚ್ಚರಿಕೆಯ ಪತ್ರವೂ ಬಂದಿದೆ. ಇನ್ನೊಂದು ಬಂದರೆ ಕೆಲಸ ಹೋಗುತ್ತದೆ.

"ಉದ್ಘಾಟನಿ ಆದ ಮ್ಯಾಲ ಕಾಕಾ ಇಲ್ಲಿಗಿ ಬಂದಿದ್ರು. ಮನ್ಯಾಗೇ ಹಲಗಿ ಮಾಡಿ ಕೊಡ್ತೀನಿ ಅಂದ್ರು. ನಾ ಬ್ಯಾಡ ಅಂದೆ. ಮನ್ಯಾಗ ಕೂಡ್ಲಾಕ ನಂಗ ಹುಟ್ಟಿದಾಗಿಂದ ಜಾಗಾ ಅದ ರೀ. ಹೊರಗ ಒಂದು ಜಾಗಾ ಬೇಕಾಗಿತ್ತು. ಅದಕ್ಕೇ ಅವರು ಅಲ್ಲಿ ಹೋಗಿ ಕೂತ್ರು."

ಅವಳು ಫೋನನ್ನು ಪಕ್ಕಕ್ಕಿಟ್ಟು ಮುಂದುವರಿಸಿದಳು.

"ನೀವು ಎಬಸಿದ ದಿನ ಸೀದಾ ಇಲ್ಲಿಗೇ ಬಂದಿದ್ರು. ಇಂಜಿನೇರ ಮಾತು ಕೊಟ್ಟಾನ, ತಯ್ಯಾರ ಇರು ಅಂದ್ರು. ನಾ ಮರುದಿನಾನೇ ಪಾಸ್ ಮಾಡಿಸ್ಕೊಂಡು ಬಂದೆ." ತೋರಿಸಿದಳು. ಒಮ್ಮೆಯೂ ಬಳಸದ ಬಸ್ಸಿನ ಪಾಸು, ಪ್ಲಾಸ್ಟಿಕ್ ಕವರಿನಲ್ಲಿ. "ಎರಡ ತಿಂಗಳ ಆಯ್ತು. ಯಾವಾಗ ಬರ್ಲಿ ರೀ?"

"ಸೋಮವಾರ ಬಾ" ಎಂದೆ. ಬಾಯಿಂದ ತಾನಾಗಿ ಬಂತು, ಅಂದಿನ ಹಾಗೆಯೇ.

ಅವಳು ನನ್ನ ಮುಖವನ್ನೇ ನೋಡಿದಳು. "ಕಾಕಾ ನಿಮ್ಮ ಬಾಯಿ ಮಾತಿಗಿ ಎದ್ದ್ರು. ನಾ ಏಳಲ್ಲ. ಬರ್ದು ಕೊಡ್ರಿ."

ಮಕ್ಕಳ ನೋಟುಬುಕ್ಕಿನ ಹಾಳೆ ಹರಿದು ಕೊಟ್ಟಳು. ಸೋಮವಾರ ಹತ್ತು ಗಂಟೆಗೆ ಉದಗೀರದ ಆಫೀಸಿನಲ್ಲಿ ಮಹಾದೇವಿಯವರ ಜಾಗ ತಯಾರಿರುತ್ತದೆ ಎಂದು ಬರೆದೆ. ಓದಿ ವಾಪಸು ಕೊಟ್ಟಳು.

"ಎತ್ತರಾನೂ ಬರೀರಿ."

ಎಷ್ಟು ಎತ್ತರ ಎಂದು ನನಗೆ ಗೊತ್ತಿರಲಿಲ್ಲ. ಆ ಕಚ್ಚನ್ನು ಮಿಲ್ಲಿನಲ್ಲಿ ಸೀಳಿಸಿದವನಿಗೆ ಅದರ ಅಳತೆ ಗೊತ್ತಿರಲಿಲ್ಲ.

"ಒಂದು ಗೇಣು, ನಾಲ್ಕು ಬೆರಳು" ಎಂದಳು. "ಕಾಕಾಂದು ಗೇಣು. ನಿಮ್ದಲ್ಲ."

ಅದನ್ನೂ ಬರೆದು ಸಹಿ ಮಾಡಿದೆ. ಇವತ್ತು ಗುರುವಾರ.